ಜೀಬ್ರಾ ಮೀನು ಸರಿಯಾಗಿ ವರ್ತಿಸುತ್ತಿಲ್ಲವೇ? ಕಲಬುರಗಿ ಬಿಸಿಲಿನ ಲ್ಯಾಬ್‌ಗಳಿಗೆ ದೋಷ ನಿವಾರಣೆ ಕೈಪಿಡಿ

ಜೀಬ್ರಾ ಮೀನಿನ ಮರಿ ಐದನೇ ದಿನಕ್ಕೆ ಸುಮಾರು 4 ಮಿಲಿಮೀಟರ್ ಉದ್ದ ಇರುತ್ತದೆ. ಮೈ ಪಾರದರ್ಶಕ. ಮೆದುಳಿನಲ್ಲಿ ಸುಮಾರು 1 ಲಕ್ಷ ನರಕೋಶ. ತಲೆ ಕೊಯ್ಯದೆ, ಮರಿ ಬದುಕಿರುವಾಗಲೇ, ಆ ಕೋಶಗಳು ಕೆಲಸ ಮಾಡುವುದನ್ನು ಹೊರಗಿನಿಂದ ನೋಡಬಹುದು. 2013ರಲ್ಲಿ ವಿಜ್ಞಾನಿಗಳಾದ ಅಹ್ರೆನ್ಸ್, ಕೆಲ್ಲರ್ ಮತ್ತು ಅವರ ಜೊತೆಗಾರರು ಮೆದುಳಿನ ಶೇ. 80ಕ್ಕಿಂತ ಜಾಸ್ತಿ ನರಕೋಶಗಳ ಚಟುವಟಿಕೆಯನ್ನು ಒಂದೊಂದು ಕೋಶದ ಮಟ್ಟದಲ್ಲಿ ಹೀಗೇ ದಾಖಲಿಸಿದರು. ಹೆಸರು ಕೇಳಿದರೆ ವಿದೇಶದ್ದು ಅನ್ನಿಸಬಹುದು, ಆದರೆ ಇದು ನಮ್ಮ ಕಡೆಯದೇ ಮೀನು. 1822ರಲ್ಲಿ ಫ್ರಾನ್ಸಿಸ್ ಹ್ಯಾಮಿಲ್ಟನ್ ಗಂಗಾ ನದಿಯ ಮೀನುಗಳ ಜೊತೆ ಇದನ್ನೂ ಬಣ್ಣಿಸಿದ್ದ. ಅಮೆರಿಕದ ಒರೆಗಾನ್‌ನಲ್ಲಿ ಜಾರ್ಜ್ ಸ್ಟ್ರೈಸಿಂಗರ್ 1981ರಲ್ಲಿ ಇದರ ಬಗ್ಗೆ ಬರೆದ ಮೇಲೆ ಲ್ಯಾಬ್ ಮೀನಾಗಿ ಹೆಸರು ಮಾಡಿತು.

ಸಾಕುವ ಖರ್ಚು ಕಡಿಮೆ. ಹಾಗಾಗಿ ಕಲಬುರಗಿ, ಬೀದರ್, ಯಾದಗಿರಿಯ ಕಾಲೇಜುಗಳಲ್ಲೂ ನಾಲ್ಕು ಗಾಜಿನ ಟ್ಯಾಂಕ್, ಒಂದು ಇನ್‌ಕ್ಯುಬೇಟರ್, ಒಂದು ಕ್ಯಾಮೆರಾ ಇಟ್ಟುಕೊಂಡು ಎಂ.ಎಸ್ಸಿ. ಪ್ರಾಜೆಕ್ಟ್ ಮಾಡಬಹುದು. ಈ ಬರಹ ಅಂಥವರಿಗೆ. ದೊಡ್ಡ ಸಂಸ್ಥೆಗಳ ಸ್ವಯಂಚಾಲಿತ ರ‍್ಯಾಕ್ ಇರುವವರಿಗೆ ಅಲ್ಲ.

ಒಂದೇ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಮೀನಿನ ವರ್ತನೆ ವಿಚಿತ್ರವಾದರೆ ಔಷಧಿಯನ್ನೋ ಜೀನನ್ನೋ ಮೆದುಳನ್ನೋ ಅನುಮಾನಿಸುವ ಮುನ್ನ ನೀರು, ಬಿಸಿ, ಬೆಳಕು, ಸದ್ದು ನೋಡಿ. ಮೀನಿನ ಮೆದುಳು ಇಡೀ ದಿನ ಓದುತ್ತಿರುವುದು ಇವನ್ನೇ. ನಮ್ಮ ಕಡೆ ಈ ನಾಲ್ಕೂ ದಿನದಿಂದ ದಿನಕ್ಕೆ ಬದಲಾಗುತ್ತವೆ.

ಕೈಯಲ್ಲಿ ಇರಬೇಕಾದ್ದು ಇಷ್ಟೇ: ಎರಡು ಥರ್ಮಾಮೀಟರ್ (ಒಂದನ್ನೇ ನಂಬಬೇಡಿ), ಅಕ್ವೇರಿಯಂ ಅಂಗಡಿಯಲ್ಲಿ ಸಿಗುವ ಅಮೋನಿಯಾ, ನೈಟ್ರೈಟ್, ಪಿಎಚ್ ಕಿಟ್, ನೀರಿನಲ್ಲಿ ಕರಗಿದ ಉಪ್ಪಿನಂಶ ತೋರಿಸುವ ಒಂದು ಟಿಡಿಎಸ್ ಮೀಟರ್, ಒಂದು ನೋಟ್‌ಬುಕ್. ನೋಟ್‌ಬುಕ್‌ನಲ್ಲಿ ದಿನಾ ತಾಪಮಾನ ಮತ್ತು ಕರೆಂಟ್ ಹೋದ ಹೊತ್ತು ಬರೆಯಿರಿ. ಮುಂದೆ ಬರುವ ಅರ್ಧ ಸಮಸ್ಯೆಗಳಿಗೆ ಉತ್ತರ ಅಲ್ಲೇ ಸಿಗುತ್ತದೆ.

## ದೊಡ್ಡ ಮೀನುಗಳು ಮೇಲೆ ಬಂದು ಬಾಯಿ ಬಡಿಯುತ್ತಿವೆ

ಮೊದಲು ಏರ್ ಪಂಪ್ ನೋಡಿ. ಗುಳ್ಳೆ ಬರುತ್ತಿದೆಯಾ? ಏರ್ ಸ್ಟೋನ್ ಕಟ್ಟಿಕೊಂಡಿದೆಯಾ? ಗಡಸು ನೀರಿನಲ್ಲಿ ಕಲ್ಲಿನ ರಂಧ್ರಗಳಿಗೆ ಸುಣ್ಣ ಹಿಡಿದು ಗಾಳಿ ನಿಧಾನಕ್ಕೆ ಕಡಿಮೆಯಾಗುತ್ತದೆ, ನಮಗೆ ಗೊತ್ತೇ ಆಗುವುದಿಲ್ಲ.

ಆಮೇಲೆ ತಾಪಮಾನ. ಟ್ಯಾಂಕ್ 26ರಿಂದ 28.5 ಡಿಗ್ರಿ ಒಳಗೆ ಇರಬೇಕು. ಮೇ ತಿಂಗಳಲ್ಲಿ ಹೊರಗೆ 42 ಡಿಗ್ರಿ ದಾಟಿದಾಗ, ಎಸಿ ಇಲ್ಲದ ಕೋಣೆಯಲ್ಲಿ ನೀರು 33–34ಕ್ಕೆ ಏರುವುದು ಮಾಮೂಲು. ಬಿಸಿ ನೀರಿನಲ್ಲಿ ಆಮ್ಲಜನಕ ಕಡಿಮೆ ಕರಗುತ್ತದೆ: 28 ಡಿಗ್ರಿಯಲ್ಲಿ ಲೀಟರಿಗೆ ಹೆಚ್ಚೆಂದರೆ 7.8 ಮಿಲಿಗ್ರಾಂ, 34ರಲ್ಲಿ ಸುಮಾರು 7. ಅದೇ ಹೊತ್ತಿಗೆ ಮೀನಿನ ದೇಹಕ್ಕೆ ಬೇಕಾಗುವ ಆಮ್ಲಜನಕ ಜಾಸ್ತಿಯಾಗುತ್ತದೆ. ಎರಡು ಕಡೆಯಿಂದಲೂ ಹೊಡೆತ.

ತಣ್ಣಗೆ ಮಾಡಲು ಅಗ್ಗದ ದಾರಿ ನೀರಿನ ಮೇಲ್ಮೈಗೆ ಗಾಳಿ ಬೀಸುವ ಹಾಗೆ ಸಣ್ಣ ಫ್ಯಾನ್ ಇಡುವುದು. ನಮ್ಮ ಬೇಸಿಗೆಯ ಗಾಳಿ ಒಣ ಗಾಳಿ, ಹಾಗಾಗಿ ನೀರು ಬೇಗ ಆವಿಯಾಗಿ ಚೆನ್ನಾಗಿ ತಂಪಾಗುತ್ತದೆ. ಆದರೆ ನೀರು ಹೋಗಿ ಉಪ್ಪಿನಂಶ ಉಳಿಯುತ್ತದೆ, ಇಳಿದಷ್ಟು ನೀರನ್ನು ಆರ್‌ಒ ನೀರಿನಿಂದಲೇ ತುಂಬಿ. ಬಾಟಲಿಯಲ್ಲಿ ನೀರು ಗಟ್ಟಿ ಮಾಡಿ ಟ್ಯಾಂಕಿನಲ್ಲಿ ತೇಲಿಬಿಡಬಹುದು, ಆದರೆ ನಿಧಾನಕ್ಕೆ. ಒಮ್ಮೆಲೇ ಐದಾರು ಡಿಗ್ರಿ ಇಳಿಸಿದರೆ ಅದೇ ಇನ್ನೊಂದು ಆಘಾತ. ಇನ್ನೊಂದು ವಿಷಯ: ತಾರಸಿ ಮೇಲಿನ ಕಪ್ಪು ಪ್ಲಾಸ್ಟಿಕ್ ಟ್ಯಾಂಕಿನ ನೀರನ್ನು ಮಧ್ಯಾಹ್ನ ಎಂದೂ ಮೀನಿಗೆ ಹಾಕಬೇಡಿ. ಬೆಳಗಿನ ಜಾವ ಹಿಡಿದು ಡ್ರಮ್ಮಿನಲ್ಲಿ ನೆರಳಿಗೆ ಇಡಿ.

ಬೇಸಿಗೆಯಲ್ಲಿ ಹೀಟರ್ ಪ್ಲಗ್ ಕಿತ್ತಿಟ್ಟುಬಿಡಿ. ವೋಲ್ಟೇಜ್ ಏರಿಳಿತದಿಂದ ಹೀಟರಿನ ಥರ್ಮೋಸ್ಟ್ಯಾಟ್ ಅಂಟಿಕೊಂಡರೆ ನೀರು ಕಾಯುತ್ತಲೇ ಹೋಗುತ್ತದೆ. ಟ್ಯಾಂಕಿಗೆ ಕೈ ಹಾಕುವ ಮುನ್ನ ಹೀಟರ್, ಪಂಪ್ ಎರಡರ ಪ್ಲಗ್ಗೂ ತೆಗೆಯಿರಿ. ಸ್ವಿಚ್ ಆಫ್ ಮಾಡಿದರೆ ಸಾಲದು. ವೈರು ಸಾಕೆಟ್‌ಗೆ ಹೋಗುವ ಮುನ್ನ ಒಂದು ಸಲ ಕೆಳಗೆ ಜೋತುಬಿದ್ದಿರಲಿ, ಹನಿಗಳು ಸಾಕೆಟ್ ಒಳಗೆ ಹೋಗದೆ ಕೆಳಗೆ ಬೀಳುತ್ತವೆ.

ಗಾಳಿ ಸರಿ, ಬಿಸಿ ಸರಿ, ಆದರೂ ಬಾಯಿ ಬಡಿಯುತ್ತಿವೆ ಅಂದರೆ ಅಮೋನಿಯಾ ನೋಡಿ. ಕಿಟ್ ತೋರಿಸುವುದು ಒಟ್ಟು ಅಮೋನಿಯಾ. ಅದರಲ್ಲಿ ವಿಷದ ರೂಪ ಎಷ್ಟು ಅನ್ನುವುದನ್ನು ಪಿಎಚ್ ತೀರ್ಮಾನಿಸುತ್ತದೆ. 28 ಡಿಗ್ರಿಯಲ್ಲಿ ಪಿಎಚ್ 7 ಇದ್ದರೆ ಅದು ಶೇ. 1ಕ್ಕಿಂತ ಕಡಿಮೆ. ಪಿಎಚ್ 8 ಆದರೆ ಶೇ. 6ರಿಂದ 7. ಶಹಾಬಾದ್, ಸೇಡಂ ಕಡೆ ನೆಲದಡಿ ಸುಣ್ಣಕಲ್ಲು, ಬೋರ್‌ವೆಲ್ ನೀರು ಗಡಸು, ಪಿಎಚ್ ಮೇಲೆ. ಬೇರೆ ಊರಿನವರಿಗೆ ನಡೆಯುವ ಅಮೋನಿಯಾ ಮಟ್ಟ ನಮಗೆ ನಡೆಯುವುದಿಲ್ಲ.

ಅಮೋನಿಯಾ ಎಲ್ಲಿಂದ ಬಂತು? ಹೊಸ ಟ್ಯಾಂಕ್ ಆದರೆ ಫಿಲ್ಟರಿನ ಬ್ಯಾಕ್ಟೀರಿಯಾ ಇನ್ನೂ ಬೆಳೆದಿಲ್ಲ, ನಾಲ್ಕರಿಂದ ಆರು ವಾರ ಬೇಕು. ಹಳೆ ಟ್ಯಾಂಕ್ ಆದರೆ ರಾತ್ರಿ ಕಾವಲಿನವರನ್ನು ಕೇಳಿ: ‘ಯಣ್ಣಾ, ನಿನ್ನೆ ಕರೆಂಟ್ ಎಷ್ಟು ಹೊತ್ತು ಹೋಗಿತ್ತು?’ ಪಂಪ್ ಗಂಟೆಗಟ್ಟಲೆ ನಿಂತರೆ ಗಾಳಿ ಇಲ್ಲದೆ ಆ ಬ್ಯಾಕ್ಟೀರಿಯಾ ಸಾಯುತ್ತವೆ. ಕರೆಂಟ್ ಬಂದ ಮೇಲೆ ಎಲ್ಲಾ ಸರಿ ಇದ್ದ ಹಾಗೆ ಕಾಣುತ್ತದೆ, ಅಮೋನಿಯಾ ಏರುವುದು ನಂತರ. ಅಂಥ ದಿನ ಊಟ ನಿಲ್ಲಿಸಿ, ಕಾಲು ಭಾಗ ನೀರು ಬದಲಿಸಿ, ಮಾರನೇ ದಿನವೂ ಅಳೆಯಿರಿ. ಕ್ಯಾಮೆರಾಗೆ ಇನ್ವರ್ಟರ್ ಇಲ್ಲದಿದ್ದರೂ ನಡೆಯುತ್ತದೆ, ಏರ್ ಪಂಪಿಗೆ ಬೇಕೇ ಬೇಕು. ಬ್ಯಾಟರಿ ಪಂಪ್ ಒಂದು ಇಟ್ಟುಕೊಂಡರೂ ಸಾಕು.

ನಳದ ನೀರು ಹಾಕಿದ ತಕ್ಷಣ ಶುರುವಾಗಿದ್ದರೆ ಕ್ಲೋರಿನ್. ಒಂದು ದಿನ ಗಾಳಿ ಆಡಿಸಿಟ್ಟರೆ ಕ್ಲೋರಿನ್ ಹೋಗುತ್ತದೆ, ಆದರೆ ಕ್ಲೋರಮೈನ್ ಹಾಕಿದ ನೀರಾದರೆ ಹೋಗುವುದಿಲ್ಲ, ಸೋಡಿಯಂ ಥಯೋಸಲ್ಫೇಟ್ ಬೇಕು. ಹಾಗಂತ ಬರೀ ಆರ್‌ಒ ನೀರಿಗೆ ಹೋಗಬೇಡಿ. ಅದರಲ್ಲಿ ಖನಿಜ ಇಲ್ಲ, ಪಿಎಚ್ ಹಿಡಿದಿಡುವ ಶಕ್ತಿ ಇಲ್ಲ, ಇದ್ದಕ್ಕಿದ್ದಂತೆ ಕುಸಿಯುತ್ತದೆ. ಆರ್‌ಒ ನೀರಿಗೆ ಅಕ್ವೇರಿಯಂ ಸಮುದ್ರ ಉಪ್ಪು, ಚೂರು ಸೋಡಿಯಂ ಬೈಕಾರ್ಬನೇಟ್ ಹಾಕಿ ವಾಹಕತೆಯನ್ನು (ಕರಗಿದ ಉಪ್ಪಿನಂಶದ ಅಳತೆ) 500 ಮೈಕ್ರೋಸೀಮನ್ಸ್ ಸುತ್ತ, ಪಿಎಚ್ ಅನ್ನು 7ರಿಂದ 7.5ರಲ್ಲಿ ಹಿಡಿಯಿರಿ.

## ಸುತ್ತುತ್ತಿವೆ, ಅದುರುತ್ತಿವೆ, ಹುಚ್ಚು ಹಿಡಿದ ಹಾಗೆ ಈಜುತ್ತಿವೆ

ಇದನ್ನು ನೋಡಿದ ತಕ್ಷಣ ಅಪಸ್ಮಾರದ ಹೊಸ ಮಾದರಿ ಸಿಕ್ಕಿತು ಅಂತ ಖುಷಿಪಡುವವರು ಇದ್ದಾರೆ. ನಿಲ್ಲಿ. ಕೋಣೆಯಲ್ಲಿ ಸೊಳ್ಳೆ ಬತ್ತಿ ಹಚ್ಚಿದ್ದರಾ? ಲಿಕ್ವಿಡ್ ಮಷೀನ್ ಪ್ಲಗ್‌ನಲ್ಲಿ ಇದೆಯಾ? ಯಾರಾದರೂ ಜಿರಳೆ ಸ್ಪ್ರೇ ಹೊಡೆದರಾ? ಇವುಗಳಲ್ಲಿ ಸಾಮಾನ್ಯವಾಗಿ ಇರುವುದು ಪೈರೆಥ್ರಾಯ್ಡ್ ಎಂಬ ಗುಂಪಿನ ವಿಷ. ಅದು ನರಕೋಶದ ಸೋಡಿಯಂ ಬಾಗಿಲನ್ನು ಮುಚ್ಚದ ಹಾಗೆ ಮಾಡುತ್ತದೆ, ಕೋಶ ಮತ್ತೆ ಮತ್ತೆ ಮಿಡಿಯುತ್ತದೆ. ಮನುಷ್ಯರಿಗೆ ಅಷ್ಟಾಗಿ ತಾಗುವುದಿಲ್ಲ, ಮೀನಿಗೆ ಅತಿ ಕಡಿಮೆ ಪ್ರಮಾಣವೂ ಮಾರಕ. ಏರ್ ಪಂಪ್ ಕೋಣೆಯ ಗಾಳಿಯನ್ನೇ ಎಳೆದು ನೀರಿಗೆ ತಳ್ಳುತ್ತದೆ ಅಲ್ವಾ, ಅದೇ ದಾರಿ. ತೊಗರಿಗೆ ಕಾಯಿಕೊರಕ ಬಿದ್ದು ಸುತ್ತಲಿನ ಹೊಲದಲ್ಲಿ ಔಷಧಿ ಹೊಡೆಯುವ ದಿನಗಳಲ್ಲಿ ಊರ ಅಂಚಿನ ಕಾಲೇಜುಗಳು ಕಿಟಕಿ ಮುಚ್ಚಿ, ಪಂಪ್‌ಗೆ ಒಳಗಿನ ಗಾಳಿ ಸಿಗುವ ಹಾಗೆ ಮಾಡಬೇಕು. ನೆಲ ಒರೆಸುವ ಫಿನಾಯಿಲ್ ಕೂಡ ಮೀನಿನ ಕೋಣೆಗೆ ಬೇಡ. ಸ್ವಚ್ಛತೆ ಮಾಡುವ ಅಕ್ಕನಿಗೆ ಮೊದಲೇ ಪ್ರೀತಿಯಿಂದ ಹೇಳಿಡಿ, ಬಾಗಿಲ ಮೇಲೆ ಕನ್ನಡದಲ್ಲೇ ಚೀಟಿ ಅಂಟಿಸಿ.

ಎರಡನೇ ಅನುಮಾನ ಪಾತ್ರೆಗಳ ಮೇಲೆ. ಸೆಳೆತ ತರಿಸಲು ಪೆಂಟಿಲೀನ್‌ಟೆಟ್ರಜೋಲ್ ಬಳಸುವ ಲ್ಯಾಬ್ ಆದರೆ, ಅದೇ ಪೆಟ್ರಿ ಡಿಶ್ ತೊಳೆದು ಕಂಟ್ರೋಲ್ ಮರಿಗಳಿಗೆ (ಹೋಲಿಕೆಗೆ ಇಟ್ಟ, ಔಷಧಿ ಹಾಕದ ಮರಿಗಳು) ಬಳಸಿರಬಹುದು. ಔಷಧಿಯ ಪಾತ್ರೆಗಳಿಗೆ ಬಣ್ಣದ ಟೇಪ್ ಅಂಟಿಸಿ ಬೇರೆಯೇ ಇಡಿ.

ಒಂದೇ ಕಡೆಗೆ ಸುತ್ತುವುದು, ಸಮತೋಲ ಇಲ್ಲದೆ ಪಕ್ಕಕ್ಕೆ ವಾಲುವುದು ಕಂಡರೆ ಅದು ಒಳಕಿವಿಯ ಕಡೆ ಬೆರಳು ತೋರಿಸುತ್ತದೆ. ಸೋಂಕಿಗೆ ಅಂತ ಜೆಂಟಾಮೈಸಿನ್, ನಿಯೋಮೈಸಿನ್ ಹಾಕಿದ್ದರಾ ಕೇಳಿ. ಈ ಗುಂಪಿನ ಆಂಟಿಬಯಾಟಿಕ್‌ಗಳು ಮೀನಿನ ಮೈಯುದ್ದಕ್ಕೂ ಇರುವ, ನೀರಿನ ಅಲೆ ಗ್ರಹಿಸುವ ಕೂದಲು ಕೋಶಗಳನ್ನು ಕೊಲ್ಲುತ್ತವೆ. ಮರಿಗಳಲ್ಲಿ ಕೆಲವೇ ದಿನಕ್ಕೆ ಮತ್ತೆ ಬೆಳೆಯುತ್ತವೆ, ಆದರೆ ಆ ನಡುವೆ ಮಾಡಿದ ಸದ್ದಿನ ಪ್ರಯೋಗಕ್ಕೆ ಬೆಲೆ ಇಲ್ಲ.

## ಬೆಳಿಗ್ಗೆ ನೋಡಿದರೆ ಮೊಟ್ಟೆಯೇ ಇಲ್ಲ

ಜೀಬ್ರಾ ಮೀನು ಮೊಟ್ಟೆ ಇಡುವುದು ಬೆಳಗಾದ ತಕ್ಷಣ, ಅಂದರೆ ಲೈಟ್ ಹತ್ತಿದ ಮೊದಲ ಗಂಟೆಗಳಲ್ಲಿ. ವಾಡಿಕೆ 14 ಗಂಟೆ ಬೆಳಕು, 10 ಗಂಟೆ ಕತ್ತಲೆ. ಇಲ್ಲಿ ನಮ್ಮ ಕಡೆಯ ಗುಟ್ಟು ಟೈಮರ್. ಮುಳ್ಳು ತಿರುಗುವ ಅಗ್ಗದ ಟೈಮರ್ ಕರೆಂಟ್ ಹೋದಷ್ಟು ಹೊತ್ತು ನಿಂತೇ ಇರುತ್ತದೆ. ದಿನಾ ಒಂದು ಗಂಟೆ ಕರೆಂಟ್ ಹೋದರೆ ವಾರದಲ್ಲಿ ಮೀನಿನ ಬೆಳಗು ಏಳು ಗಂಟೆ ಸರಿದಿರುತ್ತದೆ. ನೀವು ಎಂಟಕ್ಕೆ ಬಂದು ಮೊಟ್ಟೆ ಇಲ್ಲ ಅನ್ನುತ್ತೀರಿ, ಮೀನಿಗೆ ಆಗ ನಡುರಾತ್ರಿ. ಒಳಗೆ ಬ್ಯಾಟರಿ ಇರುವ ಡಿಜಿಟಲ್ ಟೈಮರ್ ಹಾಕಿ. ಇದೊಂದು ಬದಲಾವಣೆ ಬಹಳ ತಲೆನೋವು ತೆಗೆಯುತ್ತದೆ, ಮೊಟ್ಟೆಯದ್ದಷ್ಟೇ ಅಲ್ಲ, ಮುಂದೆ ವರ್ತನೆಯ ಪ್ರಯೋಗದ್ದೂ.

ರಾತ್ರಿ ಕಿಟಕಿಯಿಂದ ಬೀದಿದೀಪ ಬೀಳುತ್ತಿದೆಯಾ ನೋಡಿ. ಮೊಟ್ಟೆ ಇಟ್ಟು ತಾವೇ ತಿಂದಿರಲೂಬಹುದು: ತಳದಲ್ಲಿ ಜಾಲರಿಯೋ ಗೋಲಿಗಳೋ ಇಲ್ಲದಿದ್ದರೆ ತಿಂದೇ ತಿನ್ನುತ್ತವೆ. ಹಿಂದಿನ ಸಂಜೆ ಗಂಡು ಹೆಣ್ಣಿನ ನಡುವೆ ತಡೆ ಇಟ್ಟು ಬೆಳಿಗ್ಗೆ ಲೈಟ್ ಹತ್ತಿದಾಗ ತೆಗೆಯಿರಿ. ಹೆಣ್ಣಿಗೆ ಒಂದು ವಾರವಾದರೂ ಬಿಡುವು ಕೊಡಿ. ಮೂರು ತಿಂಗಳಿಗಿಂತ ಚಿಕ್ಕ ಮೀನಿನಿಂದ ಮೊಟ್ಟೆ ನಿರೀಕ್ಷಿಸಬೇಡಿ. ಅಂಗಡಿಯಿಂದ ತಂದ ಮೀನಾದರೆ ಎಷ್ಟು ವಯಸ್ಸು ಅಂತ ಗೊತ್ತಿರುವುದಿಲ್ಲ, ಮುದಿ ಮೀನೂ ಇರಬಹುದು. ಬರೀ ಒಣ ಕಾಳಿನ ಆಹಾರ ಹಾಕುತ್ತಿದ್ದರೆ ಆರ್ಟೀಮಿಯಾ (ಉಪ್ಪುನೀರಿನ ಪುಟ್ಟ ಸಿಗಡಿಯಂಥ ಜೀವಿ) ಮರಿಗಳನ್ನು ಕೊಟ್ಟು ನೋಡಿ.

## ಮೊಟ್ಟೆ ಬಂತು, ಮಧ್ಯಾಹ್ನದೊಳಗೆ ಬೆಳ್ಳಗಾಯಿತು

ಬಿಳಿಯಾದದ್ದು ಸತ್ತಿದೆ, ಅಷ್ಟೇ. ತಕ್ಷಣ ಪಿಪೆಟ್‌ನಿಂದ ತೆಗೆಯಿರಿ, ಇಲ್ಲದಿದ್ದರೆ ಶಿಲೀಂಧ್ರ ಹಿಡಿದು ಪಕ್ಕದ್ದನ್ನೂ ತಿನ್ನುತ್ತದೆ. ಆದರೆ ಯಾವಾಗ ಸತ್ತಿತು ಅನ್ನುವುದರಲ್ಲಿ ಸುಳಿವಿದೆ. ಮೊಟ್ಟೆ ಇಟ್ಟ ಮುಕ್ಕಾಲು ಗಂಟೆಗೆ 28.5 ಡಿಗ್ರಿಯಲ್ಲಿ ಅದು ಎರಡು ಕೋಶವಾಗಬೇಕು, ಆಮೇಲೆ ಕಾಲು ಗಂಟೆಗೊಮ್ಮೆ ನಾಲ್ಕು, ಎಂಟು. ಯಾವುದೂ ಒಡೆಯಲೇ ಇಲ್ಲ ಅಂದರೆ ಗರ್ಭ ಕಟ್ಟಿಲ್ಲ, ತೊಂದರೆ ಅಪ್ಪ ಅಮ್ಮನ ಕಡೆ: ಗಂಡು ಸರಿ ಇಲ್ಲ, ಹೆಣ್ಣಿನಲ್ಲಿ ಹಳೆ ಮೊಟ್ಟೆ. ಚೆನ್ನಾಗಿ ಒಡೆದು ಆಮೇಲೆ ಸತ್ತರೆ ತೊಂದರೆ ಡಿಶ್ಶಿನ ಕಡೆ: ನೀರು, ಬಿಸಿ, ಗುಂಪು. 10 ಸೆಂ.ಮೀ. ಡಿಶ್ಶಿಗೆ 50–60 ಮೊಟ್ಟೆ ಸಾಕು.

## ಮೂರು ದಿನ ಆಯಿತು, ಮರಿ ಹೊರಗೇ ಬಂದಿಲ್ಲ. ಅಥವಾ ಲೆಕ್ಕಕ್ಕಿಂತ ಮೊದಲೇ ಬಂತು

ಹೊರಬರುವ ಹೊತ್ತು ಸಾಮಾನ್ಯವಾಗಿ 48ರಿಂದ 72 ಗಂಟೆ. ಆದರೆ ಅದು 28.5 ಡಿಗ್ರಿಯ ಲೆಕ್ಕ. 1995ರಲ್ಲಿ ಕಿಮ್ಮೆಲ್ ಮತ್ತು ಜೊತೆಗಾರರು ಬೆಳವಣಿಗೆಯ ಹಂತಗಳನ್ನು ಬಿಡಿಸಿ ಬರೆದಾಗ ತಾಪಮಾನಕ್ಕೆ ಒಂದು ಸೂತ್ರವನ್ನೂ ಕೊಟ್ಟರು. ತಾಪಮಾನವನ್ನು 0.055ರಿಂದ ಗುಣಿಸಿ, 0.57 ಕಳೆಯಿರಿ. ಬಂದ ಸಂಖ್ಯೆಯಿಂದ ಪುಸ್ತಕದ ಗಂಟೆಯನ್ನು ಭಾಗಿಸಿದರೆ ನಿಮ್ಮ ಕೋಣೆಯ ಗಂಟೆ ಸಿಗುತ್ತದೆ.

ಮಾಡಿ ನೋಡಿ. ಕಲಬುರಗಿಯ ಏಪ್ರಿಲ್‌ನಲ್ಲಿ ಡಿಶ್ 33 ಡಿಗ್ರಿ ಇದ್ದರೆ 24 ಗಂಟೆಯ ಹಂತ 19 ಗಂಟೆ ಚಿಲ್ಲರೆಗೇ ಬರುತ್ತದೆ. ಬೀದರ್‌ನ ಚಳಿಗಾಲದಲ್ಲಿ 25 ಡಿಗ್ರಿ ಇದ್ದರೆ ಅದೇ ಹಂತಕ್ಕೆ ಸುಮಾರು 30 ಗಂಟೆ. ಐದು ದಿನದ ಮರಿ ಅಂತ ನೀವು ಚೀಟಿ ಬರೆದಿಟ್ಟಿರುತ್ತೀರಿ, 25 ಡಿಗ್ರಿಯಲ್ಲಿ ಬೆಳೆದಿದ್ದರೆ ಅದರ ಮೆದುಳು ನಾಲ್ಕು ದಿನದ್ದು. ಈ ವಯಸ್ಸಿನಲ್ಲಿ ಒಂದು ದಿನದ ವ್ಯತ್ಯಾಸ ಅಂದರೆ ಬೇರೆಯೇ ವರ್ತನೆ. ಎರಡು ಋತುವಿನ ಫಲಿತಾಂಶ ಹೊಂದುತ್ತಿಲ್ಲ ಅಂತ ತಲೆ ಕೆಡಿಸಿಕೊಳ್ಳುವವರು ಮೊದಲು ಈ ಲೆಕ್ಕ ಹಾಕಿ. 25ಕ್ಕಿಂತ ಕೆಳಗೆ, 33ಕ್ಕಿಂತ ಮೇಲೆ ಬೆಳೆದ ಮೊಟ್ಟೆಗಳನ್ನು ಪ್ರಯೋಗಕ್ಕೆ ಸೇರಿಸಲೇಬೇಡಿ.

ತಾಪಮಾನ ಸರಿ ಇದ್ದೂ ಹೊರಬರದಿದ್ದರೆ ತಾಮ್ರ ನೋಡಿ. ತಾಮ್ರದ ಅಂಶ ಮೊಟ್ಟೆಯ ಚಿಪ್ಪು ಕರಗಿಸುವ ಕಿಣ್ವವನ್ನು ತಡೆಯುತ್ತದೆ. ತಾಮ್ರದ ಪೈಪ್, ತಾಮ್ರದ ಕೊಡ, ಪಾಚಿ ಕೊಲ್ಲುವ ಔಷಧಿ, ಯಾವುದಾದರೂ ಇರಬಹುದು.

## ಮರಿ ತಳದಲ್ಲೇ ಬಿದ್ದಿದೆ

ನಾಲ್ಕನೇ ದಿನದ ಹೊತ್ತಿಗೆ ಮರಿ ಮೇಲೆ ಈಜಿ ಹೋಗಿ ಒಂದು ಗುಟುಕು ಗಾಳಿ ನುಂಗುತ್ತದೆ, ಅದರಿಂದ ಗಾಳಿಚೀಲ ತುಂಬುತ್ತದೆ. ಮೈ ಪಾರದರ್ಶಕ ಆದ್ದರಿಂದ ಆ ಚೀಲ ಹೊಳೆಯುವ ಗುಳ್ಳೆಯಾಗಿ ಬರಿಗಣ್ಣಿಗೂ ಕಾಣುತ್ತದೆ. ಗುಳ್ಳೆ ಇಲ್ಲ ಅಂದರೆ ನೀರಿನ ಮೇಲ್ಮೈ ನೋಡಿ. ಎಣ್ಣೆ ಪೊರೆ ಇದೆಯಾ? ಡಿಶ್ ಮುಚ್ಚಳದವರೆಗೆ ತುಂಬಿಸಿದ್ದೀರಾ? ಕೈಗೆ ಹಚ್ಚಿದ ಎಣ್ಣೆ, ಕ್ರೀಮ್ ಕೂಡ ಸಾಕು ಪೊರೆ ಕಟ್ಟಲು. ಟಿಶ್ಯೂ ಪೇಪರನ್ನು ಮೇಲೆ ಎಳೆದು ಪೊರೆ ತೆಗೆಯಿರಿ.

ಗುಳ್ಳೆ ಇದೆ, ಆದರೂ ಮಲಗಿದೆ ಅಂದರೆ ಸಣ್ಣ ಕೂದಲಿನಿಂದ ಬಾಲ ಮುಟ್ಟಿ. ಚಂಗನೆ ಹಾರಿದರೆ ಸುಮ್ನೆ ವಿಶ್ರಾಂತಿಯಲ್ಲಿದೆ. ಹಾರದಿದ್ದರೆ ಹೃದಯ ನೋಡಿ. ಎದೆಯ ಸುತ್ತ ನೀರು ತುಂಬಿ ಉಬ್ಬಿದ್ದರೆ ವಿಷದ ಲಕ್ಷಣ, ಆ ಇಡೀ ಡಿಶ್ ಪ್ರಯೋಗಕ್ಕೆ ಬೇಡ. ಐದನೇ ದಿನದಿಂದ ಪ್ಯಾರಮೀಸಿಯಂನಂಥ ಸಣ್ಣ ಜೀವಂತ ಆಹಾರ ಶುರು ಮಾಡಿ. ಮೊಟ್ಟೆಯಿಂದಲೇ ಬಂದ ಆಹಾರದ ಹಳದಿ ಚೀಲ ಖಾಲಿಯಾದ ಮೇಲೂ ಊಟ ಸಿಗದ ಮರಿ ನಿಧಾನಕ್ಕೆ ಚಲನೆ ಕಡಿಮೆ ಮಾಡುತ್ತದೆ.

## ಪಾರದರ್ಶಕ ಇರಬೇಕಾದ ಮರಿ ಕಪ್ಪಗಿದೆ

ಎಲ್ಲಾ ಮರಿಗಳೂ ಕಪ್ಪಾದರೆ ಅದು ಸಹಜ ಬಣ್ಣ. ಪಿಟಿಯು ಎಂಬ ರಾಸಾಯನಿಕವನ್ನು ಶೇ. 0.003 ಪ್ರಮಾಣದಲ್ಲಿ ಹಾಕಿ ತಡೆಯುತ್ತಾರೆ, ಆದರೆ 24 ಗಂಟೆಯ ಒಳಗೆ ಹಾಕಬೇಕು. ಬಂದ ಬಣ್ಣವನ್ನು ಅದು ಅಳಿಸುವುದಿಲ್ಲ. ಥೈರಾಯ್ಡ್‌ಗೆ ತೊಂದರೆ ಕೊಡುವ ವಸ್ತು, ಮೀನಿಗೂ ನಿಮಗೂ. ಗ್ಲೌಸ್ ಹಾಕಿ, ಪುಡಿ ತೂಗುವಾಗ ಮಾಸ್ಕ್ ಹಾಕಿ, ಸಿಂಕಿಗೆ ಸುರಿಯಬೇಡಿ. ಅದು ಕಣ್ಣಿನ ಬಣ್ಣವನ್ನೂ ತೆಗೆಯುವುದರಿಂದ ನೋಟದ ಪ್ರಯೋಗಕ್ಕೆ ನಾನು ಪಿಟಿಯು ಒಪ್ಪುವುದಿಲ್ಲ. ಮೈಯಲ್ಲಿ ಕಪ್ಪು ಕೋಶ ಇಲ್ಲದ, ಆದರೆ ಕಣ್ಣಿಗೆ ಬಣ್ಣ ಇರುವ ನೇಕರ್ ತಳಿ ಅದಕ್ಕಿಂತ ಎಷ್ಟೋ ಮೇಲು. ದೊಡ್ಡದಾದ ಮೇಲೂ ಪಾರದರ್ಶಕವಾಗಿಯೇ ಉಳಿಯುವ ಕ್ಯಾಸ್ಪರ್ ತಳಿ 2008ರಿಂದ ಇದೆ. ಮ್ಯಾನ್ಮಾರ್‌ನ ಡ್ಯಾನಿಯೊನೆಲ್ಲಾ ಸೆರೆಬ್ರಮ್ ಎಂಬ ಸುಮಾರು 12 ಮಿ.ಮೀ. ಮೀನಿಗಂತೂ ತಲೆಯ ಮೇಲೆ ಎಲುಬಿನ ಮುಚ್ಚಳವೇ ಇಲ್ಲ, ಬದುಕಿಡೀ ಮೆದುಳು ಕಾಣುತ್ತದೆ. 2021ರಲ್ಲಿ ಹೆಸರು ಪಡೆದ ಆ ಮೀನಿನಲ್ಲಿ ಗಂಡುಗಳು 140 ಡೆಸಿಬೆಲ್‌ಗೂ ಮೀರಿದ ಸದ್ದು ಮಾಡುತ್ತವೆ ಅಂತ 2024ರಲ್ಲಿ ಗೊತ್ತಾಯಿತು. ಆದರೆ ಅದನ್ನು ಸಾಕುವುದು ಶುರುವಿನವರಿಗೆ ಕಷ್ಟ.

ಒಂದೆರಡು ಮರಿ ಮಾತ್ರ ಕಪ್ಪಾಗಿದ್ದರೆ ಅದು ನಿಜಕ್ಕೂ ನೋಡಬೇಕಾದ ಸುಳಿವು. ಕಣ್ಣು ಕಾಣುವ ಮರಿ ಬೆಳಕಿನ ಬಿಳಿ ಹಿನ್ನೆಲೆಯಲ್ಲಿ ಅರ್ಧ ಗಂಟೆ ಇದ್ದರೆ ತನ್ನ ಬಣ್ಣವನ್ನು ಕುಗ್ಗಿಸಿಕೊಂಡು ತಿಳಿಯಾಗುತ್ತದೆ. ಕುರುಡು ಮರಿಗೆ ಸುತ್ತ ಕತ್ತಲೆ ಅನ್ನಿಸಿ ಕಪ್ಪಾಗಿಯೇ ಉಳಿಯುತ್ತದೆ. ಖಚಿತ ಮಾಡಿಕೊಳ್ಳಲು ಕಪ್ಪು ಬಿಳಿ ಪಟ್ಟೆಯ ಪೇಪರನ್ನು ಡಿಶ್ ಸುತ್ತ ಉರುಳೆಯಾಗಿ ಮಾಡಿ ನಿಧಾನ ತಿರುಗಿಸಿ. ಕಾಣುವ ಮರಿಯ ಕಣ್ಣು ಪಟ್ಟೆಯ ಹಿಂದೆ ಹೋಗಿ ಥಟ್ಟನೆ ವಾಪಸ್ ಬರುತ್ತದೆ. ಖರ್ಚು ಒಂದು ಪ್ರಿಂಟ್‌ನಷ್ಟು.

## ಬೆಳಕು–ಕತ್ತಲೆ ಪರೀಕ್ಷೆಯ ಗ್ರಾಫ್ ದಿನಕ್ಕೊಂದು ಥರ ಬರುತ್ತಿದೆ

ಜಾಸ್ತಿ ಜನ ಸೋಲುವುದು ಇಲ್ಲಿ. ಸರಿಯಾಗಿ ನಡೆದರೆ ಚಿತ್ರ ಹೀಗಿರಬೇಕು: ಐದರಿಂದ ಏಳು ದಿನದ ಮರಿ, ಲೈಟ್ ಇದ್ದಕ್ಕಿದ್ದಂತೆ ಆರಿಸಿದರೆ ಚಲನೆ ಜೋರಾಗುತ್ತದೆ, ಕೆಲವು ನಿಮಿಷಕ್ಕೆ ಇಳಿಯುತ್ತದೆ, ಲೈಟ್ ಹಾಕಿದರೆ ಶಾಂತವಾಗುತ್ತದೆ.

ಮೊದಲ ಪರೀಕ್ಷೆ ಮೀನೇ ಇಲ್ಲದೆ. ಬರೀ ನೀರು ತುಂಬಿದ ಪ್ಲೇಟ್ (ಮರಿಗಳನ್ನು ಬಿಡುವ ಸಣ್ಣ ಗುಳಿಗಳ ತಟ್ಟೆ) ಇಟ್ಟು ರೆಕಾರ್ಡ್ ಮಾಡಿ. ಸಾಫ್ಟ್‌ವೇರ್ ಅಲ್ಲೂ ಚಲನೆ ತೋರಿಸಿದರೆ ಅದು ಗುಳ್ಳೆ, ಪ್ರತಿಫಲನ, ಅಥವಾ 50 ಹರ್ಟ್ಸ್ ಕರೆಂಟಿನಿಂದ ಮಿಣುಕುವ ಲೈಟ್. ಇದನ್ನು ಮಾಡದೆ ಮುಂದೆ ಹೋದರೆ ಉಳಿದ ಎಲ್ಲಾ ತಪಾಸಣೆಯೂ ವ್ಯರ್ಥ.

ಎರಡನೆಯದು ಹೊತ್ತು. ಬೆಳಿಗ್ಗೆ ಮರಿಗಳ ಚಟುವಟಿಕೆ ಏರಿಳಿಯುತ್ತಿರುತ್ತದೆ, ಮಧ್ಯಾಹ್ನದ ನಂತರ ಸ್ಥಿರವಾಗುತ್ತದೆ. ದಿನಾ ಅದೇ ಹೊತ್ತಿಗೆ ಮಾಡಿ. ಟೈಮರ್ ಸರಿದಿದ್ದರೆ ನಿಮ್ಮ ಮಧ್ಯಾಹ್ನ ಮೀನಿನ ಮಧ್ಯಾಹ್ನ ಅಲ್ಲ ಅನ್ನುವುದು ನೆನಪಿರಲಿ.

ಮೂರನೆಯದು ಪ್ಲೇಟಿನ ಒಳಗಿನ ಬಿಸಿ. ಕೋಣೆಯ ಥರ್ಮಾಮೀಟರ್ ಏನೇ ಹೇಳಲಿ, ಕೆಳಗಿನ ಇನ್‌ಫ್ರಾರೆಡ್ ಲೈಟ್ ಪ್ಲೇಟನ್ನು ಕಾಯಿಸುತ್ತದೆ. ಅಂಚಿನ ಗುಳಿಗಳಲ್ಲಿ ನೀರು ಬೇಗ ಆವಿಯಾಗುತ್ತದೆ. ಔಷಧಿ ಗುಂಪು ಅಂಚಿಗೆ, ಕಂಟ್ರೋಲ್ ನಡುವೆ ಅಂತ ಜೋಡಿಸಿದರೆ ನೀವು ಅಳೆಯುತ್ತಿರುವುದು ಔಷಧಿಯನ್ನಲ್ಲ, ಜಾಗವನ್ನು. ಮಿಶ್ರ ಮಾಡಿ ಇಡಿ. ಪ್ಲೇಟ್ ಇಟ್ಟ ಮೇಲೆ ಮರಿಗಳಿಗೆ ಹೊಂದಿಕೊಳ್ಳಲು ಸಮಯ ಕೊಡಿ. ಔಷಧಿ ಕರಗಿಸಲು ಡಿಎಂಎಸ್‌ಒ ಬಳಸಿದ್ದರೆ ಅದೇ ಪ್ರಮಾಣ ಕಂಟ್ರೋಲ್‌ಗೂ ಹಾಕಿ. ಕಂಟ್ರೋಲ್ ಅದೇ ದಿನದ, ಅದೇ ತಾಯಿ ತಂದೆಯ ಮರಿಗಳೇ ಆಗಿರಲಿ.

ನಾಲ್ಕನೆಯದು ಅದುರು. ಬೇಸಿಗೆಯಲ್ಲಿ ಏರ್ ಕೂಲರ್ ಅದೇ ಮೇಜಿಗೆ ತಾಗಿ ನಿಂತಿರುತ್ತದೆ, ಹೊರಗೆ ಜನರೇಟರ್ ಹೊಡೆದುಕೊಳ್ಳುತ್ತಿರುತ್ತದೆ. ಮೀನಿನ ಹಿಂಮೆದುಳಿನಲ್ಲಿ ಮೌತ್ನರ್ ಎಂಬ ಒಂದು ಜೊತೆ ದೈತ್ಯ ನರಕೋಶ ಇದೆ. ಅದುರು ತಾಗಿದ ಸುಮಾರು 10 ಮಿಲಿಸೆಕೆಂಡಿನಲ್ಲೇ ಮರಿಯನ್ನು ಬಾಗಿಸಿ ಹಾರಿಸುವುದು ಅದೇ. ಮತ್ತೆ ಮತ್ತೆ ಅದುರಿದರೆ ಮರಿ ರೂಢಿ ಮಾಡಿಕೊಂಡು ಹಾರುವುದನ್ನೇ ಕಡಿಮೆ ಮಾಡುತ್ತದೆ. ಆಗ ನಿಮ್ಮ ಸದ್ದಿನ ಪರೀಕ್ಷೆಗೆ ಉತ್ತರವೇ ಬರುವುದಿಲ್ಲ, ಮರಿಗೆ ಕಿವುಡು ಅಂತ ಬರೆದುಬಿಡುತ್ತೀರಿ. ಕೂಲರನ್ನು ಬೇರೆ ಗೋಡೆಗೆ ಸರಿಸಿ, ಮೇಜಿನ ಕಾಲಿಗೆ ದಪ್ಪ ರಬ್ಬರ್ ಇಡಿ, ಮೇಜಿನ ಮೇಲೆ ಲೋಟ ನೀರಿಟ್ಟು ಅಲೆ ಏಳುತ್ತದಾ ನೋಡಿ. ಹಾರುವುದನ್ನು ಫೋನಿನ ಸ್ಲೋ ಮೋಷನ್‌ನಲ್ಲಿ ಹಿಡಿಯಬಹುದು, ಆದರೆ ಎಷ್ಟು ಮಿಲಿಸೆಕೆಂಡ್ ಅಂತ ಅಳೆಯಲು ಅದು ಸಾಲದು. ಅದಕ್ಕೆ ಸೆಕೆಂಡಿಗೆ 1000 ಚಿತ್ರ ತೆಗೆಯುವ ಕ್ಯಾಮೆರಾ ಬೇಕು. ಅದಿಲ್ಲದೆ ಆ ಸಂಖ್ಯೆ ಬರೆಯಬೇಡಿ.

ಇಷ್ಟೂ ಸರಿ ಇದ್ದು, ಮುಟ್ಟಿದರೆ ಹಾರುತ್ತದೆ, ತಟ್ಟಿದರೆ ಹಾರುತ್ತದೆ, ಕತ್ತಲೆಗೆ ಮಾತ್ರ ಉತ್ತರ ಇಲ್ಲ ಅಂದರೆ ಆಗ ಕಣ್ಣನ್ನು, ಬೆಳಕಿನ ದಾರಿಯನ್ನು ಅನುಮಾನಿಸಿ. ಮೂರಕ್ಕೂ ಉತ್ತರ ಇಲ್ಲ ಅಂದರೆ ಸ್ನಾಯು ಅಥವಾ ಇಡೀ ಆರೋಗ್ಯ. ಮೆದುಳಿನ ಬಗ್ಗೆ ಮಾತಾಡುವ ಹಕ್ಕು ಬರುವುದು ಇದಾದ ಮೇಲೆ.

## ಹೊಸ ಟ್ಯಾಂಕಿಗೆ ಬಿಟ್ಟ ದೊಡ್ಡ ಮೀನು ತಳ ಬಿಟ್ಟು ಏಳುತ್ತಲೇ ಇಲ್ಲ

ಹೊಸ ಜಾಗದಲ್ಲಿ ಮೊದಲು ತಳಕ್ಕೆ ಹೋಗುವುದು, ಕೆಲವು ನಿಮಿಷದಲ್ಲಿ ಧೈರ್ಯ ಬಂದು ಮೇಲೆ ಬರುವುದು ಸಹಜ. ಬರಲೇ ಇಲ್ಲ ಅಂದರೆ ನೀರಿನ ಬಿಸಿ ಎರಡು ಟ್ಯಾಂಕಿನಲ್ಲೂ ಒಂದೇ ಇದೆಯಾ, ಬಲೆಯಲ್ಲಿ ಹಿಡಿಯುವಾಗ ಎಷ್ಟು ಓಡಾಡಿಸಿದಿರಿ, ಮೇಲೆ ನಿಮ್ಮ ನೆರಳು ಬೀಳುತ್ತಿದೆಯಾ ನೋಡಿ. ಆಮೇಲೆ ಹಿಂದಿನ ಮೀನಿಗೆ ಗಾಯ ಆಗಿತ್ತಾ ಕೇಳಿಕೊಳ್ಳಿ. ಗಾಯವಾದ ಚರ್ಮದಿಂದ ಹೊರಬರುವ ವಸ್ತು ಉಳಿದ ಮೀನುಗಳಿಗೆ ಅಪಾಯದ ಸುದ್ದಿ ಕೊಡುತ್ತದೆ. 1938ರಲ್ಲೇ ಕಾರ್ಲ್ ಫಾನ್ ಫ್ರಿಶ್ ಇದನ್ನು ಇನ್ನೊಂದು ಸಣ್ಣ ಮೀನಿನಲ್ಲಿ ಕಂಡುಕೊಂಡಿದ್ದರು. ಪ್ರತಿ ಮೀನಿಗೂ ಟ್ಯಾಂಕ್ ತೊಳೆದು ನೀರು ಬದಲಿಸಿ. ಇವು ಗುಂಪಿನ ಮೀನು, ವಾರಗಟ್ಟಲೆ ಒಂಟಿಯಾಗಿಟ್ಟು ಆಮೇಲೆ ಭಯ ಅಳೆಯಬೇಡಿ.

## ಸೂಕ್ಷ್ಮದರ್ಶಕದಲ್ಲಿ ಮೆದುಳು ಮಸುಕಾಗಿದೆ

ಸಾಮಾನ್ಯ ಬೆಳಕಿನಲ್ಲೇ ಮೊದಲು ನೋಡಿ. ಆರೋಗ್ಯವಾದ ಮೆದುಳು ತಿಳಿಯಾಗಿರುತ್ತದೆ. ಬೂದು ಬಣ್ಣದ ಮಬ್ಬು ಹರಡಿದ್ದರೆ ಕೋಶಗಳು ಸಾಯುತ್ತಿವೆ, ಆ ಮರಿಯನ್ನು ಬಿಡಿ. ಹೃದಯ ನಿಮಿಷಕ್ಕೆ 120–180 ಸಲ ಬಡಿಯುತ್ತಿರಬೇಕು, ಬಾಲದಲ್ಲಿ ರಕ್ತದ ಕಣ ಹರಿಯುತ್ತಿರಬೇಕು. ಮರಿ ಅಲುಗದಂತೆ ಹಿಡಿದಿಡುವ ಅಗರೋಸ್ ಜೆಲ್ ಬಿಸಿ ಇರುವಾಗಲೇ ಮರಿ ಹಾಕಿದ್ದರೆ ಅದೇ ಕಾರಣ. 40 ಡಿಗ್ರಿಗಿಂತ ಕೆಳಗೆ ಇಳಿದ ಮೇಲೆ ಹಾಕಿ.

ಮರಿ ಆರೋಗ್ಯವಾಗಿದೆ, ಆದರೆ ಹೊಳಪು ಮಾತ್ರ ಮಸುಕು ಅಂದರೆ ಮೊಟ್ಟೆಗೆ ಹಾಕಿದ್ದ ಮೆಥಿಲೀನ್ ಬ್ಲೂ ತೊಳೆದಿದ್ದೀರಾ ನೋಡಿ, ಅದೂ ಹೊಳೆಯುತ್ತದೆ. ನರಕೋಶ ಮಿಡಿದಾಗ ಹೊಳೆಯುವ ಹಾಗೆ ಮಾಡುವ ಜಿಕ್ಯಾಂಪ್ ಜೀನ್ ಮರಿಯಲ್ಲಿ ಒಂದೇ ಪ್ರತಿ ಇರಬಹುದು. ಅರಿವಳಿಕೆ ಹಾಕಿ ಮೆದುಳಿನ ಚಟುವಟಿಕೆ ಅಳೆದರೆ ಸಿಗುವುದು ಅರಿವಳಿಕೆಯ ಚಿತ್ರ. ಅರಿವಳಿಕೆಗೆ ಬಳಸುವ ಟ್ರೈಕೈನ್ ಪುಡಿ ನೀರನ್ನು ಹುಳಿಯಾಗಿಸುತ್ತದೆ, ಪಿಎಚ್ 7ಕ್ಕೆ ಸರಿಪಡಿಸದೆ ಮೀನನ್ನು ಹಾಕಬೇಡಿ. ಲೇಸರ್ ಜೋಡಣೆ ನೀವೇ ಬಿಚ್ಚಲು ಹೋಗಬೇಡಿ, ಕಣ್ಣಿನ ಪ್ರಶ್ನೆ. ಅದಕ್ಕೆ ಕಂಪನಿಯ ಎಂಜಿನಿಯರ್ ಬರಲಿ.

## ಸೊರಗುತ್ತಿವೆ, ಬೆನ್ನು ಬಾಗುತ್ತಿದೆ, ಹುಣ್ಣಾಗಿದೆ

ಇಲ್ಲಿ ನಿಲ್ಲಿಸಿ. ನೀರು ಸರಿ ಇದ್ದೂ, ತಿನ್ನುತ್ತಿದ್ದೂ ಒಣಗುವ ಮೀನುಗಳಲ್ಲಿ ಎರಡು ಅನುಮಾನ. ಒಂದು ಸೂಡೊಲೋಮಾ ನ್ಯೂರೋಫಿಲಿಯಾ ಎಂಬ ಪರಜೀವಿ. ಅದು ಬೆನ್ನುಹುರಿ, ಹಿಂಮೆದುಳಿನಲ್ಲೇ ಮನೆ ಮಾಡುತ್ತದೆ, ಹೊರಗೆ ಏನೂ ಕಾಣದೆ ಬೆಚ್ಚಿಬೀಳುವ ವರ್ತನೆಯನ್ನು ಬದಲಿಸುತ್ತದೆ. ನಮ್ಮ ಥರದ ಪ್ರಯೋಗಕ್ಕೆ ಇದಕ್ಕಿಂತ ಕೆಟ್ಟ ರೋಗ ಇಲ್ಲ. ಎರಡನೆಯದು ಮೈಕೋಬ್ಯಾಕ್ಟೀರಿಯಾ: ಹೊಟ್ಟೆ ಉಬ್ಬುವುದು, ಹುಣ್ಣು, ಸೊರಗುವುದು. ಎರಡನ್ನೂ ಕಣ್ಣಿನಿಂದ ಖಚಿತ ಮಾಡಲಾಗದು. ಅಂಗಾಂಶ ಪರೀಕ್ಷೆ, ಪಿಸಿಆರ್ ಬೇಕು. ಊಹೆ ಮೇಲೆ ಆಂಟಿಬಯಾಟಿಕ್ ಸುರಿಯಬೇಡಿ. ಮೀನಿನ ರೋಗ ಬಲ್ಲ ಪಶುವೈದ್ಯರನ್ನು ಕೇಳಿ. ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯದ ಮುಖ್ಯ ಆವರಣ ಬೀದರ್‌ನಲ್ಲೇ ಇದೆ, ಅಲ್ಲಿಂದ ವಿಚಾರಿಸಲು ಶುರು ಮಾಡಬಹುದು. ಅಲ್ಲಿಯವರೆಗೆ ಆ ಟ್ಯಾಂಕಿನ ಬಲೆ, ಪೈಪ್ ಬೇರೆ ಟ್ಯಾಂಕಿಗೆ ಹೋಗದಿರಲಿ. ಹೊಸದಾಗಿ ತಂದ ಮೀನನ್ನು ಕೆಲವು ವಾರ ಬೇರೆ ಇಟ್ಟು ನೋಡದೆ ಹಳೆ ಮೀನಿನ ಜೊತೆ ಸೇರಿಸಬೇಡಿ.

ನಿಮ್ಮ ಕೈಯನ್ನೂ ನೋಡಿಕೊಳ್ಳಿ. ಮೈಕೋಬ್ಯಾಕ್ಟೀರಿಯಂ ಮರೈನಂ ಚರ್ಮದ ಗಾಯದ ಮೂಲಕ ಮನುಷ್ಯರಿಗೂ ಬರುತ್ತದೆ. ಬೆರಳಲ್ಲಿ, ಕೈಯಲ್ಲಿ ವಾರಗಟ್ಟಲೆ ವಾಸಿಯಾಗದ ಗಂಟು ಅಥವಾ ಹುಣ್ಣು ಕಂಡರೆ ಚರ್ಮದ ಡಾಕ್ಟರ ಹತ್ತಿರ ಹೋಗಿ, ‘ನಾನು ಮೀನಿನ ಟ್ಯಾಂಕಿನಲ್ಲಿ ಕೆಲಸ ಮಾಡುತ್ತೇನೆ’ ಅಂತ ನೀವಾಗಿಯೇ ಹೇಳಿ. ಹೇಳದಿದ್ದರೆ ಅವರಿಗೆ ಇದು ಹೊಳೆಯುವುದು ಕಷ್ಟ. ಗಾಯ ಇದ್ದರೆ ಗ್ಲೌಸ್ ಇಲ್ಲದೆ ಕೈ ಹಾಕಬೇಡಿ, ಪೈಪನ್ನು ಬಾಯಿಂದ ಎಳೆದು ನೀರು ಹರಿಸಬೇಡಿ.

ಉಸಿರಾಡಲು ಒದ್ದಾಡುವ, ನೆಟ್ಟಗೆ ಈಜಲಾಗದ ಮೀನನ್ನು ಫಲಿತಾಂಶಕ್ಕಾಗಿ ಉಳಿಸಿಕೊಳ್ಳಬಾರದು. ಸಂಸ್ಥೆಯ ಪ್ರಾಣಿ ನೈತಿಕ ಸಮಿತಿ ಒಪ್ಪಿದ ರೀತಿಯಲ್ಲಿ, ಜಾಸ್ತಿ ಪ್ರಮಾಣದ ಟ್ರೈಕೈನ್‌ನಿಂದ, ನೋವಿಲ್ಲದೆ ಕಳಿಸಿಕೊಡಿ. ಪ್ರಯೋಗ ಮುಗಿದ ಮೀನನ್ನು, ಅದರಲ್ಲೂ ಜೀನ್ ಬದಲಿಸಿದ ಮೀನನ್ನು, ಕೆರೆಗಾಗಲಿ ಭೀಮಾ ನದಿಗಾಗಲಿ ಬಿಡಲೇಬಾರದು. ಟ್ಯಾಂಕಿನ ಹಳೆ ನೀರಿಗೆ ಬ್ಲೀಚ್ ಹಾಕಿ ಇಟ್ಟ ಮೇಲೆ ಚರಂಡಿಗೆ ಬಿಡಿ. ಬ್ಲೀಚ್ ಜೊತೆ ಬೇರೆ ಯಾವ ಕ್ಲೀನರ್ ಅಥವಾ ಆಸಿಡ್ ಬೆರೆಸಬೇಡಿ, ಕಿಟಕಿ ತೆರೆದಿರಲಿ.